ಬರ್ಕೊಳ್ಳಾ ಸಾಹುಕಾರ್ರೆ?

"ಬರ್ಕೊಳ್ಳಾ ಸಾಹುಕಾರ್ರೆ?" ಎಂದು ಗುಮಾಸ್ತರು ಕೇಳಿದರು. "ಬೇಡ ಬಿಡಿ" ಎಂದರು ಶಾಸಕರು. ನಡೆದದ್ದು ಇಷ್ಟೇ. ಸೋಮವಾರ ಬೆಳಗ್ಗೆ ಶಾಸಕರ ಮನೆ ಜಗಲಿಯಲ್ಲಿ ಆದ ಮಾತು, ಗುರುವಾರವಾದರೂ ತಲೆಯಿಂದ ಇಳಿದಿಲ್ಲ.

ಕಾಲುಸೇತುವೆ ಕೇಳಲು ಬಂದಿದ್ದವನು ಹಳ್ಳದಾಚೆಯ ಮುದುಕ. "ಮಳೆ ಹಿಡಿಯೋದ್ರೊಳಗೆ ಒಂದು ಕಾಲುಸಂಕ ಮಾಡ್ಸಿಕೊಡಿ, ಹುಡುಗ್ರು ಶಾಲೆಗೆ ದಾಟ್ಬೇಕು." "ಆಯ್ತು, ಮಾಡ್ಸಣ" ಎಂದರು ಶಾಸಕರು. ಆ ಮಾತು ಮುಗಿಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಗುಮಾಸ್ತರ ಕೈ ಪೆನ್ನಿಗೆ ಹೋಗಿತ್ತು. ಅಡಿಕೆ ಮಂಡಿಯಲ್ಲಿ ಪಳಗಿದ ಕೈ. ಯಜಮಾನರು ಶಾಸಕರಾದರೂ ಆ ಕೈಗೆ ಅದಿನ್ನೂ ಗೊತ್ತಾದಂತಿಲ್ಲ.

ಮಂಡಿಯಲ್ಲಿ ಬರೆಯದ ಮಾತಿಗೆ ಬೆಲೆಯಿಲ್ಲ. ರೈತ ಮೂಟೆ ಇಳಿಸಿದ ಕೂಡಲೇ ತೂಕವಾಗಬೇಕು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಎಂದು ಅಡಿಕೆಯ ಒಂದೊಂದು ಬಗೆಯೂ ಅವನ ಖಾತೆಗೆ ಬೀಳಬೇಕು. ದರ ಒಪ್ಪಿಗೆಯಾಗದಿದ್ದರೆ ಮಾಲು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ನಡುವೆ ಮಗಳ ಮದುವೆಗೆ, ಆಸ್ಪತ್ರೆಗೆ, ಗೊಬ್ಬರಕ್ಕೆ ಎಂದು ಕೈಗಡ ಒಯ್ದರೆ ಅದೂ ತಾರೀಕಿನ ಸಮೇತ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಹತ್ತುತ್ತದೆ. ಮಾಲು ಮಾರಿದ ದಿನ ಹಮಾಲಿ, ದಲಾಲಿ, ಬಡ್ಡಿ ಕಳೆದು ಪಟ್ಟಿ ಕೈಗೆ ಬರುತ್ತದೆ. ಜಗಳ ಬಂದರೆ ಪುಸ್ತಕ ತೆಗೆದರೆ ಮುಗಿಯಿತು. ಶಾಸಕರಾಗುವ ಮೊದಲು ಈ ಸಾಹುಕಾರರ ಚೀಟಿ ತೋರಿಸಿದರೆ ಜವಳಿ ಅಂಗಡಿಯವರು ಮರುಮಾತಿಲ್ಲದೆ ಬಟ್ಟೆ ಹರಿದು ಕೊಡುತ್ತಿದ್ದರು. ಚುನಾವಣೆಗೆ ನಿಲ್ಲಿ ಎಂದು ಪಕ್ಷದವರು ಮನೆ ಬಾಗಿಲಿಗೆ ಬಂದದ್ದು ದುಡ್ಡಿಗಾಗಿ ಎಂದು ಊರು ಆಡಿಕೊಂಡಿತು. ದುಡ್ಡು ಇದ್ದವರು ಊರಲ್ಲಿ ಇನ್ನೂ ನಾಲ್ಕು ಜನ ಇದ್ದರು. ಚೀಟಿ ನಡೆಯುತ್ತಿದ್ದದ್ದು ಇವರೊಬ್ಬರದೇ.

ನಾಮಪತ್ರದ ಹೊತ್ತಿಗೂ ಆ ಶಿಸ್ತು ಕೈಹಿಡಿಯಿತು. ನಮೂನೆ 26ರ ಪ್ರಮಾಣಪತ್ರದಲ್ಲಿ ಒಂದು ಕಾಲಮನ್ನೂ ಖಾಲಿ ಬಿಡುವಂತಿಲ್ಲ. ಇಲ್ಲದ್ದಕ್ಕೆ 'ಇಲ್ಲ' ಎಂದೇ ಬರೆಯಬೇಕು. ಐದು ವರ್ಷದ ಆದಾಯ ತೆರಿಗೆ ವಿವರ, ಹೆಂಡತಿಯ ಒಡವೆ, ಅವಿಭಕ್ತ ಕುಟುಂಬದ ಆಸ್ತಿ ಎಲ್ಲವೂ ಅದರೊಳಗೆ ಬರಬೇಕು. ವ್ಯಾಪಾರಿಗಳು ಮುಗ್ಗರಿಸುವುದು ಇನ್ನೊಂದು ಕಡೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 9ಎ ಕಲಮಿನ ಪ್ರಕಾರ, ರಾಜ್ಯ ಸರ್ಕಾರಕ್ಕೆ ಮಾಲು ಪೂರೈಸುವ ಅಥವಾ ಕಾಮಗಾರಿ ಮಾಡಿಕೊಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ವಿಧಾನಸಭೆಗೆ ನಿಲ್ಲಲು ಅನರ್ಹತೆ. ತನ್ನ ಪಾಲಿನ ಕೆಲಸ ಪೂರ್ತಿ ಮುಗಿಸಿ, ಸರ್ಕಾರದಿಂದ ಬಿಲ್ಲಷ್ಟೇ ಬಾಕಿಯಿದ್ದರೆ ತೊಂದರೆಯಿಲ್ಲ. ಹಾಸ್ಟೆಲಿಗೆ ಅಕ್ಕಿ ಹಾಕುವವರು, ರಸ್ತೆಗೆ ಜಲ್ಲಿ ಸುರಿಯುವವರು ಇದನ್ನು ನಾಮಪತ್ರದ ಹಿಂದಿನ ರಾತ್ರಿ ವಕೀಲರಿಂದ ಕೇಳಿ ಬೆವರುವುದುಂಟು.

ಚುನಾವಣೆ ಖರ್ಚಿನ ಮಿತಿ 40 ಲಕ್ಷ. ಅದಕ್ಕೇ ಬೇರೆ ಬ್ಯಾಂಕ್ ಖಾತೆ, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ. ಕಾಗದದ ಮೇಲಿನ ಈ ಲೆಕ್ಕಕ್ಕೂ ಬೀದಿಯಲ್ಲಿ ಆಗುವ ಖರ್ಚಿಗೂ ಇರುವ ಸಂಬಂಧ ಓದುವವರಿಗೆ ಗೊತ್ತೇ ಇದೆ, ಬಿಡಿ.

ಮತ್ತೆ ಆ ಜಗಲಿಗೇ ಬರುತ್ತೇನೆ. "ಬರ್ಕೊಳ್ಳಾ ಸಾಹುಕಾರ್ರೆ?" "ಬೇಡ ಬಿಡಿ." ಸೊಕ್ಕಿನ ದನಿಯಲ್ಲ ಅದು. ಒಂದು ಕ್ಷಣ ತಡೆದು, ಮುದುಕನ ಮುಖ ನೋಡದೆ ಹೇಳಿದ್ದು. ಮೊದಲು ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಬರೆದುಕೊಂಡಿದ್ದರೆ ಅದೇ ಸುಳ್ಳು ಲೆಕ್ಕವಾಗುತ್ತಿತ್ತೇನೋ ಅನ್ನಿಸಿತು.

ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ಶಾಸಕರೊಬ್ಬರ ಹೆಸರಿಗೆ ವರ್ಷಕ್ಕೆ 2 ಕೋಟಿ. ಕೇಳಲು ದೊಡ್ಡದು. 2023ರ ಚುನಾವಣೆಯಲ್ಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ, ಮತಗಟ್ಟೆಗಳು 58 ಸಾವಿರದ ಮೇಲೆ, ಕ್ಷೇತ್ರಗಳು 224. ಭಾಗಿಸಿದರೆ ಮತಗಟ್ಟೆಗೆ 77 ಸಾವಿರ, ತಲೆಗೆ 85 ರೂಪಾಯಿ ಆಸುಪಾಸು. ಅದರಲ್ಲೇ ಸಮುದಾಯ ಭವನ, ಬಸ್ ತಂಗುದಾಣ, ಶಾಲೆ ಕೊಠಡಿ, ಸ್ಮಶಾನದ ದಾರಿ. ಆ ದುಡ್ಡೂ ಶಾಸಕರ ಗಲ್ಲಾಪೆಟ್ಟಿಗೆಯಲ್ಲಿಲ್ಲ, ಜಿಲ್ಲಾಧಿಕಾರಿಗಳ ಹತ್ತಿರ ಇದೆ. ಶಾಸಕರದ್ದು ಶಿಫಾರಸು ಪತ್ರ ಮಾತ್ರ. ಎಂಜಿನಿಯರು ಸ್ಥಳ ನೋಡಿ ಅಂದಾಜು ಪಟ್ಟಿ ಮಾಡಬೇಕು. ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ ಆಗಬೇಕು. ಆಮೇಲೆ ಟೆಂಡರು, ಕಾರ್ಯಾದೇಶ. ಹಳ್ಳದ ದಡ ಅರಣ್ಯದ ಸರ್ವೆ ನಂಬರಿಗೆ ಸೇರಿದ್ದರೆ ಕಡತ ಇನ್ನೊಂದು ಇಲಾಖೆಯ ಬಾಗಿಲಲ್ಲಿ ಕೂತಿತು. ನಡುವೆ ಯಾವುದಾದರೂ ಚುನಾವಣೆ ಬಂದು ನೀತಿ ಸಂಹಿತೆ ಜಾರಿಯಾದರೆ ಹೊಸ ಕೆಲಸಕ್ಕೆ ಕೈ ಹಾಕುವಂತಿಲ್ಲ. ಇಷ್ಟರಲ್ಲಿ ಜೂನ್ ಬಂದು ಹಳ್ಳ ತುಂಬಿರುತ್ತದೆ.

ಸಂಕದ್ದು ಇನ್ನೊಂದು ತಕರಾರು. ಬೇಸಿಗೆಯಲ್ಲಿ ಬತ್ತಿದ ಹಳ್ಳಕ್ಕೆ ಟೇಪು ಹಿಡಿದರೆ ಅಗಲ ಕಡಿಮೆ ಬರುತ್ತದೆ. ದಡದ ಮರದ ಮೇಲೆ ಹಿಂದಿನ ಮಳೆಗಾಲದ ಕಸ ಎಷ್ಟೆತ್ತರಕ್ಕೆ ಸಿಕ್ಕಿಕೊಂಡಿದೆ ಎಂದು ನೋಡದೆ ಕಟ್ಟಿದರೆ ಮೊದಲ ನೆರೆಗೇ ಎರಡೂ ಬದಿಯ ಮಣ್ಣು ಕೊಚ್ಚಿಹೋಗಿ, ಕಾಂಕ್ರೀಟಿನ ಹಲಗೆಯೊಂದೇ ನೀರ ನಡುವೆ ಉಳಿಯುತ್ತದೆ. ಮುದುಕನಿಗೆ ಆ ಮಟ್ಟ ಗೊತ್ತು. ಅಂದಾಜು ಮಾಡುವವರು ಅವನನ್ನು ಕೇಳುವುದಿಲ್ಲ.

ಮಂಡಿಯಲ್ಲಿದ್ದಾಗ ಈ ಮನುಷ್ಯರು ಮಾತು ಕೊಡುತ್ತಿದ್ದದ್ದು ತಮ್ಮ ಗೋದಾಮಿನ ಮಾಲಿನ ಮೇಲೆ. ಈಗ ಕೊಡುತ್ತಿರುವುದು ಬೇರೆಯವರ ಗೋದಾಮಿನದ್ದನ್ನು, ಬೀಗದ ಕೈ ಇಲ್ಲದೆ. 'ಆಗುತ್ತೋ ಇಲ್ವೋ ಗೊತ್ತಿಲ್ಲ, ಕಾಗದ ಬರೀತೀನಿ' ಎಂದರೆ ನಿಜ ಹೇಳಿದಂತಾಗುತ್ತಿತ್ತು. ಆದರೆ ಹಾಗೆ ಹೇಳಿದವರನ್ನು ನಾವು ಗೆಲ್ಲಿಸುತ್ತೇವೆಯೇ? ಕೆಲಸಕ್ಕೆ ಬಾರದವನು ಎಂದು ಬಸ್ ಸ್ಟ್ಯಾಂಡಿನಲ್ಲೇ ತೀರ್ಪಾಗುತ್ತದೆ.

ಅತ್ತ ವ್ಯಾಪಾರವೂ ಸೊರಗುತ್ತದೆ. ಬಾಕಿದಾರನೇ ಮತದಾರನಾದ ಮೇಲೆ ವಸೂಲಿಗೆ ಯಾರನ್ನು ಕಳಿಸುವುದು? "ಎಮ್ಮೆಲ್ಲೆ ಆಗಿ ಬಡವನ ಹತ್ರ ಬಡ್ಡಿ ಕೇಳ್ತಾನೆ" ಎಂಬ ಒಂದು ಮಾತು ಸಾಕು. ಮಗ ಗಲ್ಲಾದ ಮೇಲೆ ಕೂತಿದ್ದಾನೆ, ಖಾತೆಗಳು ಹಾಗೇ ನಿಂತಿವೆ. ಆ ಹುಡುಗನ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಅವನಿಗೆ ಮೂಟೆಗಿಂತ ಫ್ಲೆಕ್ಸಿನ ಅಳತೆ ಚೆನ್ನಾಗಿ ಗೊತ್ತು. ವರ್ಷವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಸಲ್ಲಿಸುವ ಕೆಲಸ ಮಾತ್ರ ಈಗಲೂ ಹಳೆಯ ಗುಮಾಸ್ತರದೇ.

ಇಂಥ ಲೆಕ್ಕಬಲ್ಲ ತಲೆಗೆ ಸರಿಯಾದ ಜಾಗ ವಿಧಾನಸಭೆಯಲ್ಲಿ ಇದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳನ್ನು ಬಿಡಿಸಿ ನೋಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಎಂದರೆ ಸರ್ಕಾರದ ಕಿರ್ದಿ, ಖತಾವಣಿ ತೆಗೆದು ಕೂರುವುದೇ ತಾನೇ? ಅಲ್ಲಿಗೆ ಹೋಗಲು ಯಾರಿಗೂ ಆತುರವಿಲ್ಲ. ಎಲ್ಲರ ಕಣ್ಣೂ ನಿಗಮ, ಮಂಡಳಿಯ ಕುರ್ಚಿಯ ಮೇಲೆ, ಅದರ ಕಾರಿನ ಮೇಲೆ.

ಮುದುಕ ಕೈಮುಗಿದು ಮೆಟ್ಟಿಲಿಳಿದ. ಚಪ್ಪಲಿ ಹಾಕಿಕೊಳ್ಳುತ್ತ, ಹಿಂದೆಯೇ ಬಂದ ಗುಮಾಸ್ತರನ್ನು ಕೇಳಿದ: "ಬರ್ಕೊಂಡ್ರಾ?"

ಗುಮಾಸ್ತರು ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು. "ನೀವೇ ಒಂದು ಅರ್ಜಿ ಬರೆಸ್ಕೊಂಡು ಬನ್ನಿ. ಎರಡು ಪ್ರತಿ. ಒಂದು ಪಿಎ ಕೈಗೆ ಕೊಡಿ. ಇನ್ನೊಂದಕ್ಕೆ ತಾರೀಕು ಹಾಕಿಸಿ, ಸೀಲ್ ಹೊಡೆಸ್ಕೊಂಡು ಮನೇಲಿಟ್ಕೊಳ್ಳಿ."