ಬೇಲಿ ಕಿತ್ತ ರಾತ್ರಿ

ನಮ್ಮ ಚಿಕ್ಕಪ್ಪನ ತೋಟ ಇರೋದು ತುಮಕೂರು ತಾಲ್ಲೂಕಿನ ನಾಗವಲ್ಲಿ ಹತ್ತಿರ. ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟ್ ಬರುವುದು ನಡುರಾತ್ರಿ ಮೇಲೆ. ಹೋದ ಬೇಸಿಗೆಯಲ್ಲಿ ಒಂದು ಗಂಟೆ ಹೊತ್ತಿಗೆ ಮೋಟಾರ್ ಹಾಕಲು ಹೊರಟೆ. ಅವತ್ತು ಮಧ್ಯಾಹ್ನವಷ್ಟೇ ಜೆಸಿಬಿ ಕರೆಸಿ ಒಂದು ಕಡೆಯ ಹಳೇ ಬೇಲಿ ಕೀಳಿಸಿದ್ದೆವು. ಬಂಡ್ರೆ, ಜಾಲಿ, ಸೀಗೆ, ಲಂಟಾನ ಎಲ್ಲ ಒಂದಕ್ಕೊಂದು ಹೆಣೆದುಕೊಂಡು ಗೋಡೆ ಥರ ಬೆಳೆದಿತ್ತು. ಕಿತ್ತು ತಂತಿಬೇಲಿ ಹಾಕಿಸೋಣ ಎಂದು ಹಟ ಹಿಡಿದವನು ನಾನೇ.

ಹುಣಸೆಮರದ ಹತ್ತಿರ ಟಾರ್ಚ್ ಬಿಟ್ಟರೆ ಎರಡು ಕೆಂಡ. ಬೆಕ್ಕು ಅಂದುಕೊಂಡೆ, ಅಲ್ಲ. ಉಳಿದ ಬೇಲಿಯ ತುದಿಯಲ್ಲಿ ಕಾಡುಪಾಪ ಕೂತಿತ್ತು. ಕಾಲು ಕೇಜಿ ಆಸುಪಾಸಿನ ಪ್ರಾಣಿ, ಬಾಲವಿಲ್ಲ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣೇ. ಮುಂದೆ ಕೈ ಚಾಚುತ್ತದೆ, ಗಾಳಿ ಬಿಟ್ಟರೆ ಏನೂ ಸಿಗುವುದಿಲ್ಲ, ಮತ್ತೆ ಹಿಂದೆ ಎಳೆದುಕೊಳ್ಳುತ್ತದೆ. ಮತ್ತೆ ಚಾಚುತ್ತದೆ. ಕೋತಿಯಾಗಿದ್ದರೆ ಒಂದೇ ನೆಗೆತಕ್ಕೆ ದಾಟುತ್ತಿತ್ತು. ಇದು ಹಾಗೆ ನೆಗೆಯುವ ಜಾತಿಯಲ್ಲ, ಒಂದು ಕೊಂಬೆ ಬಿಗಿಯಾಗಿ ಹಿಡಿದ ಮೇಲೇ ಇನ್ನೊಂದನ್ನು ಬಿಡುವುದು. ನಮಗೆ ಬೇಲಿ, ಅದಕ್ಕೆ ರಸ್ತೆ. ಅದನ್ನೇ ಮಧ್ಯಾಹ್ನ ಗುಡ್ಡೆ ಹಾಕಿಸಿದ್ದೆ.

ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಹೊಳೆದಿದ್ದು ಆಮೇಲೆ. ಇವುಗಳ ಗಣತಿ ಮಾಡುವವರು ಕೆಂಪು ಬೆಳಕು ಬಳಸುತ್ತಾರಲ್ವಾ, ಹೆಗಲ ಮೇಲಿದ್ದ ಕೆಂಪು ಟವೆಲನ್ನೇ ಟಾರ್ಚಿಗೆ ಸುತ್ತಿದೆ. ಅಷ್ಟರಲ್ಲಿ ಅದು ನೆಲಕ್ಕೆ ಇಳಿದಿತ್ತು. ಮರದ ಮೇಲೆ ಸದ್ದೇ ಇಲ್ಲದೆ ಹೋಗುವ ಪ್ರಾಣಿ ನೆಲದಲ್ಲಿ ತಡವರಿಸುತ್ತಾ ನಡೆಯುವುದನ್ನು ನೋಡಿ ಹೊಟ್ಟೆ ಚುರುಕ್ ಎಂದಿತು. ನಮ್ಮ ನಾಯಿ ಗುರ್ರೆಂದಾಗ ಕುತ್ತಿಗೆ ಪಟ್ಟಿ ಹಿಡಿದು ನಿಂತೆ. ಹದಿನೈದಡಿ ದಾಟಿ ಹೊಂಗೆಮರ ಹತ್ತುವ ಹೊತ್ತಿಗೆ ಅದಕ್ಕಿಂತ ನನಗೇ ಜಾಸ್ತಿ ಸುಸ್ತಾಗಿತ್ತು. ಮೋಟಾರ್ ಮರೆತೇಹೋಯಿತು.

ಬೆಳಿಗ್ಗೆ ಟೀ ಅಂಗಡಿಯಲ್ಲಿ ಹೇಳಿದೆ, ಹೇಳಬಾರದಿತ್ತು. ಒಬ್ಬರು ಅಪಶಕುನ ಎಂದರು. ಇನ್ನೊಬ್ಬರು ಮೆಲ್ಲಗೆ, 'ಮಾಟಕ್ಕೆ ಬೇಕು ಅಂತ ಕೇಳೋರು ಇದಾರೆ' ಎಂದರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಯಷ್ಟೇ ರಕ್ಷಣೆ, ಮುಟ್ಟಿದರೆ ಜೈಲು ಎಂದು ಸ್ವಲ್ಪ ಜೋರಾಗಿಯೇ ಹೇಳಿ ಎದ್ದು ಬಂದೆ. ಐದೂವರೆ ತಿಂಗಳು ಬಸುರಿಯಾಗಿ ಒಂದೋ ಎರಡೋ ಮರಿ ಹಾಕುತ್ತೆ. ಹಿಡಿದುಕೊಂಡು ಹೋಗುತ್ತಿದ್ದರೆ ಎಷ್ಟು ದಿನ ಉಳಿದೀತು? ಪಕ್ಕದ ತಮಿಳುನಾಡು ಇದಕ್ಕೆಂದೇ 2022ರಲ್ಲಿ ಕಡವೂರಿನಲ್ಲಿ ಅಭಯಾರಣ್ಯ ಮಾಡಿತು. ನಮ್ಮಲ್ಲಿ ತೋಟದ ಬೇಲಿಯಲ್ಲೇ ಇವೆ, ಬೇಲಿಯೇ ಹೋಗುತ್ತಿದೆ.

ಉಳಿದ ಮೂರು ಕಡೆ ಕೀಳಿಸಲಿಲ್ಲ. ಜೆಸಿಬಿ ಅಡ್ವಾನ್ಸ್ ವಾಪಸ್ ಬರಲಿಲ್ಲ, ಚಿಕ್ಕಪ್ಪ ಇವತ್ತಿಗೂ ಅದನ್ನೇ ಗೊಣಗುತ್ತಾರೆ. ಹುಣಸೆಯಿಂದ ಹೊಂಗೆಗೆ ದಪ್ಪ ತೆಂಗಿನ ನಾರಿನ ಹಗ್ಗ ಕಟ್ಟಿದ್ದೇನೆ, ಕೆಳಗೆ ಬಂಡ್ರೆ ಮತ್ತೆ ಚಿಗುರುತ್ತಿದೆ. ಮೋಟಾರ್ ಹಾಕಲು ಹೋದಾಗಲೆಲ್ಲ ಟವೆಲ್ ಸುತ್ತಿ ಹಗ್ಗದ ಕಡೆ ಟಾರ್ಚ್ ಬಿಡುತ್ತೇನೆ. ಇಲ್ಲಿಯವರೆಗೆ ಇರುವೆ ಸಾಲು ಮಾತ್ರ ಕಂಡಿದೆ. ಇರಲಿ, ಅದೂ ಕಾಡುಪಾಪನ ಊಟವೇ.