ಹಾರ್ಮೋನಿಯಂ ಕಲಿಕೆ, ಏಳನೇ ತಿಂಗಳು: ಕಪ್ಪು ಮನೆಗಳ ಲೆಕ್ಕ

ಹೋದ ಸಲ ಬರೆದಾಗ "ಭೂಪಾಲಿ ರಾಗ ಬಂತು" ಅಂತ ಜಂಬ ಕೊಚ್ಚಿಕೊಂಡಿದ್ದೆ. ಆ ಮಾತು ವಾಪಸ್ ತಗೊಂಡಿದ್ದೇನೆ. ಬಂದಿದ್ದು ಬಿಳಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲ ಬಿಳಿ ಮನೆಯನ್ನು (ಕೀಲಿಯನ್ನು) ಸ ಮಾಡಿಕೊಂಡಾಗ ಮಾತ್ರ.

ಶ್ರಾವಣದ ಮೊದಲ ಸೋಮವಾರ ನಿಟುವಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಗುಡಿಯಲ್ಲಿ ಭಜನೆ ಇತ್ತು. ಅಪ್ಪನ ಜೊತೆ ಸುಮ್ನೆ ಕೇಳೋಕೆ ಹೋಗಿದ್ದೆ. ಪೆಟ್ಟಿಗೆ ಮುಂದೆ ಕೂತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಾರು. ಹಿಂದೆ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಮಾಸ್ತರಾಗಿದ್ದವರಂತೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಲ್ಲವಾ ದಾವಣಗೆರೆ, ಹುಡುಕಿದರೆ ಓಣಿಗೊಬ್ಬರು ಇಂಥವರು ಸಿಗುತ್ತಾರೆ. ಅಪ್ಪ ಸುಮ್ಮನಿರಬೇಕಲ್ಲ, "ನಮ್ಮ ಹುಡುಗಿನೂ ಕಲಿತಿದಾಳೆ" ಅಂದುಬಿಟ್ಟರು. ಅಜ್ಜಾರು ಏನೂ ಕೇಳಲಿಲ್ಲ. ಪಕ್ಕಕ್ಕೆ ಸರಿದು ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿದರು.

ಹಾಡುವ ಅಣ್ಣ "ಕಪ್ಪು ಒಂದು" ಅಂದರು, ಅಂದರೆ ಮೊದಲ ಕಪ್ಪು ಮನೆಯೇ ಸ. ಭೂಪಾಲಿಯಲ್ಲಿ ಕೂರಿಸಿದ ವಚನ. ನನ್ನ ಎದೆ ಧಸಕ್ಕೆಂದಿತು.

ಬಾರಿಸದವರಿಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ಬಿಡಿಸಿ ಹೇಳಬೇಕು. ಭೂಪಾಲಿಗೆ ಐದೇ ಸ್ವರ: ಸ ರಿ ಗ ಪ ಧ. ಬಿಳಿ ಒಂದನ್ನು ಸ ಮಾಡಿಕೊಂಡರೆ ಐದೂ ಬಿಳಿ ಮನೆಗಳೇ. ಕಣ್ಣು ಮುಚ್ಚಿ ಬಾರಿಸಬಹುದು. ನಾನು ಆರು ತಿಂಗಳು ಮಾಡಿದ್ದು ಅಷ್ಟೇ. ಕಪ್ಪು ಒಂದರಿಂದ ಶುರು ಮಾಡಿದರೆ ಸ, ರಿ, ಪ, ಧ ನಾಲ್ಕೂ ಕಪ್ಪಿನ ಮೇಲೆ ಬೀಳುತ್ತವೆ. ಗ ಒಂದೇ ಬಿಳಿ ನಾಲ್ಕರಲ್ಲಿ. ಕೈ ಒಮ್ಮೆ ಕಪ್ಪು ಹತ್ತಿದ ಮೇಲೆ ಆ ಒಂದು ಬಿಳಿ ಮನೆಗೆ ಇಳಿಯಲು ಕೇಳಲಿಲ್ಲ. ಗ ಬದಲು ಪಕ್ಕದ ಕಪ್ಪು ಮೂರನ್ನು ಒತ್ತುತ್ತಾ ಹೋದೆ. ಒಂದು ಸಲ ಅಲ್ಲ, ಮೂರು ಸಾಲು ಪೂರ್ತಿ. ಹಾಡುವ ಅಣ್ಣ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

ಹಾಡು ಮುಗಿದಾಗ ಅಜ್ಜಾರು ನಗುತ್ತಿದ್ದರು. "ಯವ್ವಾ, ಹರಿಹರದ ಬಸ್ ಹತ್ತಿ ಹೊನ್ನಾಳಿಯಾಗೆ ಇಳಿದ್ಯಲ್ಲ. ನೀ ಬಾರಿಸಿದ್ದು ದುರ್ಗಾ."

ನಿಜ. ಭೂಪಾಲಿಯ ಗ ತೆಗೆದು ಆ ಜಾಗಕ್ಕೆ ಮ ಇಟ್ಟರೆ ಸ ರಿ ಮ ಪ ಧ, ಅಂದರೆ ದುರ್ಗಾ ರಾಗದ ಸ್ವರಗಳು. ನನ್ನ ತಪ್ಪಿಗೂ ಒಂದು ಹೆಸರಿತ್ತು! ಅಜ್ಜಾರು ಅಷ್ಟಕ್ಕೇ ಬಿಡಲಿಲ್ಲ. "ಐದೂ ಕಪ್ಪು ಮನೆಯಾಗೆ ಭೂಪಾಲಿ ಸಿಗ್ತತಿ. ಎಲ್ಲಿಂದ ಶುರು ಮಾಡಬೇಕು ಅಂತ ಹುಡುಕ್ಕೊಂಡು ಬಾ. ಮುಂದಿನ ವಾರ ಕೇಳ್ತೀನಿ" ಅಂದರು. ಚೆನ್ನಾಗಿ ಬಾರಿಸಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ.

ಗುರುವಾರ ರಾತ್ರಿ ಉತ್ತರ ಸಿಕ್ಕಿತು. ಕಪ್ಪು ಮೂರು! ಅಲ್ಲಿ ಸ ಇಟ್ಟರೆ ರಿ ಕಪ್ಪು ನಾಲ್ಕು, ಗ ಕಪ್ಪು ಐದು, ಪ ಮತ್ತು ಧ ಮುಂದಿನ ಸಪ್ತಕದ ಕಪ್ಪು ಒಂದು, ಎರಡು. ಅದೇ ಐದು ಮನೆಗಳನ್ನು ಕಪ್ಪು ಒಂದರಿಂದ ಹಿಡಿದರೆ ದುರ್ಗಾ. ಮನೆಗಳು ಅವೇ, ಸ ಬದಲಾದರೆ ರಾಗವೇ ಬೇರೆ. ಹನ್ನೊಂದು ಗಂಟೆಗೆ ಅಮ್ಮನನ್ನು ಎಬ್ಬಿಸಿ ಎರಡನ್ನೂ ಬಾರಿಸಿ ತೋರಿಸಿದೆ. "ಎರಡೂ ಒಂದೇ ಥರ ಕೇಳ್ತತಿ, ಮಲಗು" ಅಂದಳು.

ಎರಡನೇ ಸೋಮವಾರ ಉತ್ತರ ಹೇಳಿದೆ. ಅಜ್ಜಾರು "ಹೂಂ" ಅಂದು, ಬಾರಿಸಲು ಬಿಡದೆ ಬರೀ ಸ ಹಿಡಿಸಿದರು. ಒಂದು ಹಾಡು ಪೂರ್ತಿ ಒಂದೇ ಸ್ವರ. ಅವರ ಕಣ್ಣು ನನ್ನ ಎಡಗೈ ಮೇಲೆ. ನಾನು ತಾಳಕ್ಕೆ ತಕ್ಕಂತೆ ತಿದಿ ಒತ್ತುತ್ತಿದ್ದೆ, ಹಾಗಾಗಿ ಸ್ವರ ಎತ್ತಿನಗಾಡಿಯಂತೆ ಕುಲುಕುತ್ತಿತ್ತು. ಕಂಪನಿಯಲ್ಲಿ ಅವರದು ಕಾಲಿನಿಂದ ತಿದಿ ತುಳಿಯುವ ಪೆಟ್ಟಿಗೆ, ಎರಡೂ ಕೈ ಮನೆಗಳ ಮೇಲೆ. ನಟ ಮಾತು ಮರೆತು ನಿಂತರೆ ಮಾಸ್ತರೇ ಸ್ವರ ಎತ್ತಿ ಹಾಡು ಶುರು ಮಾಡಿಸಿ ಮಾನ ಉಳಿಸಬೇಕಿತ್ತಂತೆ. "ಗಾಳಿ ನಿಂತ್ರೆ ನಾಟಕ ನಿಂತಂಗೆ" ಅಂದರು. ಮನೆಗೆ ಬಂದು ಗಡಿಯಾರ ಇಟ್ಟುಕೊಂಡು ಎಣಿಸಿದೆ. ನಿಮಿಷಕ್ಕೆ 46 ಸಲ ಒತ್ತುತ್ತಿದ್ದೆ. ಈಗ 28ಕ್ಕೆ ಇಳಿದಿದೆ. ಸ್ವರವೂ ಕುಲುಕುವುದಿಲ್ಲ.

ಪೆಟ್ಟಿಗೆ ರಿಪೇರಿ: ನನ್ನ 39 ಮನೆಯ ಹಳೇ ಪೆಟ್ಟಿಗೆಯಲ್ಲಿ ಬಿಳಿ ಐದು ಗೊರಗೊರ ಅನ್ನುತ್ತಿತ್ತು. ರೀಡಿನ ಸಂದಿಯಲ್ಲಿ ಧೂಳು. ತೆಳು ಕಾಗದ ತೂರಿಸಿ ತೆಗೆದೆ. ಮುಗಿಯಿತು.

ಮೂರನೇ ಸೋಮವಾರ ಒಂದು ಹಾಡು ಪೂರ್ತಿ ಕೊಟ್ಟರು, ಮತ್ತೆ ಕಪ್ಪು ಒಂದು. ಕೆಹೆರವಾ ತಾಳದ ಎಂಟು ಮಾತ್ರೆ ಓಡುತ್ತಿತ್ತು. ನಡುವೆ ಎಲ್ಲೋ ದಾರಿ ತಪ್ಪಿದೆ. ತಬಲಾದಣ್ಣ ಬಾರಿಸುತ್ತಲೇ ನನ್ನ ಕಡೆ ಬಗ್ಗಿ "ಸ ಹಿಡ್ಕ, ಸಮ್ ಬಂದಾಗ ಹೇಳ್ತೀನಿ" ಅಂದರು. ಸಮ್ ಅಂದರೆ ತಾಳದ ಮೊದಲ ಮಾತ್ರೆ. ಹಿಡಿದೆ. ಅವರು ತಲೆ ಆಡಿಸಿದ ಕಡೆ ಸೇರಿಕೊಂಡೆ. ಗ ಈ ಸಲ ಬಿಳಿ ನಾಲ್ಕರಲ್ಲೇ ಇತ್ತು. ಕೇಳುವವರಿಗೆ ಗೊತ್ತಾಗಿರಲಿಕ್ಕಿಲ್ಲ, ಆದರೆ ಪೆಟ್ಟಿಗೆಯ ಸುತ್ತ ಕೂತ ಮೂವರಿಗೂ ಗೊತ್ತಾಯಿತು. ಆಮೇಲೆ ಮಂಡಕ್ಕಿ ಮೆಣಸಿನಕಾಯಿ ಬಂದಾಗ ಅಜ್ಜಾರು ತಮ್ಮ ಪಾಲಿನ ಒಂದು ಮೆಣಸಿನಕಾಯಿ ನನ್ನ ಪೇಪರಿಗೆ ಹಾಕಿದರು. ಹೊಗಳಿಕೆ ಅಂತ ಇಲ್ಲಿಯವರೆಗೆ ಸಿಕ್ಕಿರೋದು ಅದೊಂದೇ.

ಮಂಡಕ್ಕಿ ತಿನ್ನುತ್ತಾ ಒಂದು ತಕರಾರು ತೆಗೆದೆ. ಹಾಡುವವರು ಸ್ವರದಿಂದ ಸ್ವರಕ್ಕೆ ಜಾರುತ್ತಾರೆ, ಈ ಪೆಟ್ಟಿಗೆಗೆ ಆ ಜಾರುವಿಕೆ, ಮೀಂಡ್, ಬರೋದಿಲ್ಲವಲ್ಲ ಅಂತ. "ಅದಕ್ಕೇ ರೇಡಿಯೋದವರು ಹೊರಗಿಟ್ಟಿದ್ರು" ಅಂದರು ತಬಲಾದಣ್ಣ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧವಾಗಿದ್ದು ನನಗೂ ಗೊತ್ತಿತ್ತು. ಅಜ್ಜಾರು ಮಾತ್ರ ಬೆಳಗಾವಿಯ ಹಾರ್ಮೋನಿಯಂ ವಾದಕ ಆರ್. ಕೆ. ಬಿಜಾಪುರೆ ಅವರ ಹೆಸರು ಹೇಳಿ ಕಿವಿ ಮುಟ್ಟಿಕೊಂಡರು. "ಅವರ ಪೆಟ್ಟಿಗೆ ಕೇಳು. ಆಮೇಲೆ ಬಂದು ಬರೋದಿಲ್ಲ ಅನ್ನು." ಎರಡು ದಿನದಿಂದ ಅದನ್ನೇ ಕೇಳುತ್ತಿದ್ದೇನೆ. ಬರೋದಿಲ್ಲ ಅನ್ನೋಕೆ ಇನ್ನೂ ಬಾಯಿ ಬಂದಿಲ್ಲ.

ಈ ವಾರ: ದುರ್ಗಾ ಮತ್ತು ಭೂಪಾಲಿ, ದಿನಕ್ಕೊಂದು ಶ್ರುತಿಯಲ್ಲಿ, ಬಿಳಿ ಒಂದನ್ನು ಮುಟ್ಟುವ ಹಾಗಿಲ್ಲ. ಸೋಮವಾರ ನನಗೆ ಎರಡು ಹಾಡು. ಯಾವ ಶ್ರುತಿ ಅಂತ ಕೇಳಿದರೆ, "ಹಾಡೋರು ಬಾಯಿ ತೆಗೆದಾಗ ಗೊತ್ತಾಗ್ತತಿ" ಅಂದಿದ್ದಾರೆ.