‘ಬಳಸಬೇಡಿ’ ಅಂದರೆ ಸಾಲದು

ನಮ್ಮ ತಂಡದ ಪೈಥಾನ್ ಲೈಬ್ರರಿಯಲ್ಲಿ ಹೊಸ ಕೋಡಿಗೆ ಬೇಡವಾದ ಫಂಕ್ಷನ್‌ಗಳು ಒಂದಷ್ಟಿವೆ; ಇಂಥವಕ್ಕೆ ಡೆಪ್ರಿಕೇಟೆಡ್ ಅನ್ನುತ್ತಾರೆ. ಅವುಗಳ ಡಾಕ್ಯುಮೆಂಟೇಶನ್ ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿಯೊಂದರ ತಲೆ ಮೇಲೂ ‘ಡೆಪ್ರಿಕೇಟೆಡ್, ಬಳಸಬೇಡಿ’ ಅಂತ ಒಂದು ಸಾಲು ಅಂಟಿಸಿದರೆ ಆಯ್ತಲ್ವಾ ಅಂದರು ಎಲ್ಲರೂ.

ಮೊದಲನೆಯದೇ ಅರ್ಧ ದಿನ ತಿಂದಿತು. ಅದು ಈಗಿನ ಸಮಯ ಕೊಡುವ ಪುಟ್ಟ ಫಂಕ್ಷನ್. ಒಳಗೆ ಪೈಥಾನ್‌ನ ಯುಟಿಸಿನೌ ಅನ್ನುವ ಫಂಕ್ಷನ್ ಕೂತಿದೆ. 2023ರಲ್ಲಿ ಬಂದ ಪೈಥಾನ್ 3.12 ಅದನ್ನು ಡೆಪ್ರಿಕೇಟ್ ಮಾಡಿತು. ಅದು ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯವೇ, ಆದರೆ ಯಾವ ಟೈಮ್‌ಝೋನ್ ಅನ್ನುವ ಗುರುತು ಅದರ ಜೊತೆ ಇರುವುದಿಲ್ಲ. ಅದರಿಂದ ಟೈಮ್‌ಸ್ಟ್ಯಾಂಪ್, ಅಂದರೆ ಸೆಕೆಂಡುಗಳ ಎಣಿಕೆ, ಪಡೆದರೆ ಪೈಥಾನ್ ಅದನ್ನು ಲೋಕಲ್ ಟೈಮ್ ಅಂತಲೇ ಲೆಕ್ಕ ಹಾಕುತ್ತದೆ. ಸರ್ವರ್ ಯುಟಿಸಿಯಲ್ಲೇ ಓಡುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ಬೇರೆ ಟೈಮ್‌ಝೋನ್‌ನ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಆಚೀಚೆ ಆಗುತ್ತದೆ.

ಬದಲಿಗೆ ಏನು? ಟೈಮ್‌ಝೋನ್ ಕೊಟ್ಟು ನೌ ಫಂಕ್ಷನ್ ಕರೆಯಿರಿ. ಅಷ್ಟು ಬರೆದು ಮುಂದೆ ಹೋಗಬಹುದಿತ್ತು. ಸುಮ್ನೆ ಓಡಿಸಿ ನೋಡೋಣ ಅಂತ ಹಳೇ ಕೋಡಿನಲ್ಲಿ ಆ ಒಂದು ಸಾಲು ಬದಲಿಸಿದೆ. ಯಾವ ಸಮಯ ಮೊದಲು ಅಂತ ಹೋಲಿಸುವ ಜಾಗದಲ್ಲಿ ಟೈಪ್‌ಎರರ್ ಬಂತು, ಯಾಕೆಂದರೆ ಡೇಟಾಬೇಸಿನಿಂದ ಬರುವ ಸಮಯಗಳಿಗೆ ಗುರುತಿರಲಿಲ್ಲ. ಅದು ಪರವಾಗಿಲ್ಲ, ಕಣ್ಣಿಗೆ ಬೀಳುತ್ತದೆ. ಇನ್ನೊಂದು ಕಡೆ ಎರಡು ಸಮಯ ಒಂದೇನಾ ಅಂತ ಕೇಳುವ ಸಾಲಿತ್ತು. ಅಲ್ಲಿ ಎರರೂ ಇಲ್ಲ, ವಾರ್ನಿಂಗೂ ಇಲ್ಲ. ಗುರುತಿರುವುದನ್ನೂ ಇಲ್ಲದ್ದನ್ನೂ ಇಟ್ಟು ಕೇಳಿದರೆ ಉತ್ತರ ಯಾವಾಗಲೂ ಫಾಲ್ಸ್! ಆ ಪುಟದಲ್ಲಿ ಜಾಸ್ತಿ ಜಾಗ ಕೊಟ್ಟಿದ್ದು ಇದಕ್ಕೇ. ಬದಲಿ ಯಾವುದು ಅನ್ನುವುದು ಹುಡುಕಿದರೆ ಸಿಗುತ್ತದೆ. ಬದಲಿಸಿದ ಮೇಲೆ ಏನು ಮುರಿಯುತ್ತದೆ ಅನ್ನುವುದನ್ನು ಯಾರಾದರೂ ಬರೆದಿಟ್ಟರೆ ಮಾತ್ರ ಸಿಗುತ್ತದೆ.

ವಾರ್ನಿಂಗ್ ಬರುತ್ತಲ್ಲ, ಇಷ್ಟೆಲ್ಲ ಯಾಕೆ ಅಂತ ಒಬ್ಬರು ಕೇಳಿದರು. ಪೈಥಾನ್‌ನಲ್ಲಿ ಡೆಪ್ರಿಕೇಶನ್ ವಾರ್ನಿಂಗ್ ನೇರವಾಗಿ ಓಡಿಸಿದ ಫೈಲಿನಿಂದ ಬಂದರೆ ಕಾಣುತ್ತದೆ. ಒಳಗಿನ ಮಾಡ್ಯೂಲಿನಿಂದ ಬಂದರೆ, ನಾವಾಗಿ ಆನ್ ಮಾಡದ ಹೊರತು, ಕಾಣುವುದಿಲ್ಲ. ಟೆಸ್ಟ್ ಓಡಿಸುವ ಪೈಟೆಸ್ಟ್ ಅನ್ನುವ ಟೂಲ್ ತೋರಿಸುತ್ತದೆ, ಟೆಸ್ಟ್ ಇದ್ದರೆ.

ಜಗಳ ಹತ್ತಿದ್ದು ಹಳೇ ಪುಟಗಳನ್ನೇ ಅಳಿಸಿಬಿಡೋಣ ಅನ್ನುವ ಮಾತಿಗೆ. ಪುಟ ಇದ್ದರೆ ಜನ ಬಳಸುತ್ತಾರಂತೆ. ನಾನು ಲಿನಕ್ಸ್‌ನ ಮ್ಯಾನ್ಯುಯಲ್‌ನಲ್ಲಿ ಸಿ ಭಾಷೆಯ ಗೆಟ್ಸ್ ಪುಟ ತೆರೆದು ತೋರಿಸಿದೆ. ಎಷ್ಟು ಅಕ್ಷರ ಓದಬೇಕು ಅನ್ನುವ ಮಿತಿಯೇ ಇಲ್ಲದ ಫಂಕ್ಷನ್ ಅದು. 1988ರಲ್ಲಿ ಇಂಟರ್ನೆಟ್ಟಿನಲ್ಲಿ ತಾನೇ ಹರಡಿದ ಮೋರಿಸ್ ವರ್ಮ್ ಅನ್ನುವ ಪ್ರೋಗ್ರಾಂ ಕಂಪ್ಯೂಟರ್‌ಗಳಿಗೆ ನುಗ್ಗಿದ ದಾರಿಗಳಲ್ಲಿ ಒಂದು ಅದೇ. 2011ರ ಸಿ ಸ್ಟ್ಯಾಂಡರ್ಡ್ ಅದನ್ನು ಪೂರ್ತಿ ಕಿತ್ತುಹಾಕಿತು. ಆದರೂ ಪುಟ ಉಳಿದಿದೆ: ಯಾವತ್ತೂ ಬಳಸಬೇಡಿ, ಕಾರಣ ಇದು, ಬದಲಿಗೆ ಎಫ್‌ಗೆಟ್ಸ್. ಹಳೇ ಕೋಡ್ ಕೈಗೆ ಬಂದವರು ಹುಡುಕುವುದು ಹಳೇ ಹೆಸರನ್ನೇ ತಾನೇ? ಪುಟಗಳು ಉಳಿದವು.

ಆಮೇಲೆ ಪಟ್ಟಿಯನ್ನು ಎರಡಾಗಿ ಒಡೆದೆ. ಒಂದು, ಇಂಥ ವರ್ಷನ್‌ನಲ್ಲಿ ಹೋಗುತ್ತದೆ ಅನ್ನುವಂಥವು. ಇನ್ನೊಂದು, ಎಲ್ಲಿಗೂ ಹೋಗುವುದಿಲ್ಲ, ಹೊಸದಾಗಿ ಬರೆಯುವಾಗ ಮಾತ್ರ ಬೇಡ ಅನ್ನುವಂಥವು. ಜಾವಾ 2017ರಲ್ಲಿ, ಒಂಬತ್ತನೇ ವರ್ಷನ್‌ನಲ್ಲಿ, ಫಾರ್‌ರಿಮೂವಲ್ ಅನ್ನುವ ಗುರುತು ಸೇರಿಸಿ ಇದೇ ವ್ಯತ್ಯಾಸ ಮಾಡಿತು. ಎರಡನ್ನೂ ಒಂದೇ ಲೇಬಲ್‌ನಲ್ಲಿ ತುರುಕಿದರೆ ಓದುವವರು ಎರಡನ್ನೂ ನಂಬುವುದಿಲ್ಲ.

ಕೊನೆಗೆ ಒಂದು ಫಂಕ್ಷನ್ ಉಳಿಯಿತು. ಕಾರಣದ ಕಾಲಂ ಖಾಲಿ. ಕೇಳಿದರೆ ಹೆಸರು ಚೆನ್ನಾಗಿಲ್ಲ ಅಂದರು. ಪಟ್ಟಿಯಿಂದಲೇ ತೆಗೆದೆ. ಅದನ್ನು ಸೇರಿಸಿದ್ದವರಿಗೆ ಈಗಲೂ ನನ್ನ ಮೇಲೆ ಸ್ವಲ್ಪ ಮುನಿಸಿದೆ.